ಸಹಪ್ರಯಾಣಿಕನಿಗೆ ಸಲ್ಲತಕ್ಕುದೇನು?

ಧರ್ಮಶಾಸ್ತ್ರಕಾರರು ಮನುಷ್ಯನ ಋಣಗಳನ್ನು ಎಣಿಸುವುದರಲ್ಲಿ ಬಹು ಸೂಕ್ಷ್ಮದೃಷ್ಟಿಯುಳ್ಳವರು. ದೇವಋಣ, ಋಷಿಋಣ, ಪಿತೃಋಣಗಳಿಂದ ಮೊದಲು ಮಾಡಿ, ತಂದೆಗೆ ಮಗನು, ಗುರುವಿಗೆ ಶಿಷ್ಯನು, ಒಡೆಯನಿಗೆ ಆಳು, ಮನೆಗೆ ಬಂದ ಅತಿಥಿಗೆ ಗೃಹಸ್ಥನು ಏನೇನು ಸಲ್ಲಿಸಬೇಕೆಂಬುದನ್ನು ಅವರು ವಿಸ್ತಾರವಾಗಿ ಹೇಳಿದ್ದಾರೆ. ಆದರೆ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಹತ್ತಿ, ಭುಜಕ್ಕೆ ಭುಜ ತಾಗುವಂತೆ ಪಕ್ಕದಲ್ಲಿ ಕುಳಿತು, ಬಿಳಿಕೆರೆಯಲ್ಲಿ ಇಳಿದುಹೋಗುವ ಮನುಷ್ಯನು ಯಾವ ವರ್ಗಕ್ಕೆ ಸೇರಿದವನು? ಅವನು ಅತಿಥಿಯಲ್ಲ, ಏಕೆಂದರೆ ಬಸ್ಸು ಇಬ್ಬರ ಮನೆಯೂ ಅಲ್ಲ, ಅಲ್ಲಿ ಆತಿಥೇಯನೆಂಬುವನೇ ಇಲ್ಲ. ಅವನು ನೆರೆಯವನೂ ಅಲ್ಲ. ನೆರೆಯವನು ನಾಳೆಯೂ ಇರುತ್ತಾನೆ. ಮಿತ್ರನಲ್ಲ, ಶತ್ರುವೂ ಅಲ್ಲ. ಉದಾಸೀನನೆಂದು ಕರೆಯೋಣವೆಂದರೆ ಉದಾಸೀನನ ಮೊಣಕೈ ಪಕ್ಕೆಲುಬಿಗೆ ಇಷ್ಟು ಹತ್ತಿರ ಬರುವುದಿಲ್ಲ.

ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗದಲ್ಲಿ, ಪರದೇಶಕ್ಕೆ ಹೊರಟವನಿಗೆ ಮಿತ್ರನಾರೆಂಬ ಪ್ರಶ್ನೆ ಬರುತ್ತದೆ. ಸಾರ್ಥವೇ, ಎಂದರೆ ಒಟ್ಟುಗೂಡಿ ಸಾಗುವ ವರ್ತಕರ ತಂಡವೇ, ಮಿತ್ರನೆಂಬುದು ಧರ್ಮರಾಯನ ಉತ್ತರ. ಈ ಉತ್ತರವು ಮೇಲಿನ ಪ್ರಶ್ನೆಗೆ ಸಮೀಪವಾದುದಾದರೂ ಅದನ್ನು ಪೂರ್ತಿಯಾಗಿ ಮುಟ್ಟುವುದಿಲ್ಲ. ಸಾರ್ಥದವರನ್ನು ಕಟ್ಟಿಹಾಕುತ್ತಿದ್ದುದು ಕಳ್ಳಕಾಕರ ಮತ್ತು ಕಾಡುಮೃಗಗಳ ಭಯ. ಒಬ್ಬನ ಕ್ಷೇಮವು ಇನ್ನೊಬ್ಬನ ಕೈಯಲ್ಲಿದ್ದಾಗ ಮೈತ್ರಿಯು ಸುಲಭವಾಗಿ ಹುಟ್ಟುತ್ತದೆ. ಹಗಲು ಹೊತ್ತಿನಲ್ಲಿ ಹುಣಸೂರಿಗೆ ಹೋಗುವ ಬಸ್ಸಿನಲ್ಲಿ ಅಂಥ ಭಯವೇನಿದೆ? ಪಕ್ಕದವನು ಇದ್ದರೆ ಇಕ್ಕಟ್ಟು, ಇಲ್ಲದಿದ್ದರೆ ಸುಖ. ಹೀಗಿರುವಾಗ ಅವನಿಗೆ ಏನಾದರೂ ಸಲ್ಲತಕ್ಕುದುಂಟೆ, ಉಂಟಾದರೆ ಯಾವ ಆಧಾರದಿಂದ, ಎಂಬುದು ಇಲ್ಲಿ ವಿಚಾರಣೀಯವಾದ ಅಂಶ.

ಇದರ ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಗೆ ಹೋಗುವ ಬಸ್ಸುಗಳಲ್ಲಿ ಹುಡುಕುವುದು ಲೇಸು. ಈ ಸೀಮೆಯಲ್ಲಿ ಮೋಟಾರು ಬಸ್ಸುಗಳು ಮೊದಲು ಖಾಸಗಿ ಮಾಲೀಕರ ಕೈಯಲ್ಲಿದ್ದುವು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಕ್ಕದೆ ಇದ್ದಲಿನ ಅನಿಲದಿಂದ ಅವುಗಳನ್ನು ಓಡಿಸಿದ್ದೂ ಉಂಟು. 1948ನೆಯ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಆರಂಭವಾಯಿತು; 1961ನೆಯ ಆಗಸ್ಟ್ 1ರಂದು ಅದು ನಿಗಮವಾಯಿತು. ಇಂದು ಆ ನಿಗಮದ ಕೆಂಪು ಬಸ್ಸು ನಿಲ್ಲದ ದೊಡ್ಡ ಊರು ಈ ನಾಲ್ಕು ಕಡೆಗಳಲ್ಲಿಯೂ ಇಲ್ಲ. ಒಂದೊಂದು ದಾರಿಗೆ ಒಂದೊಂದು ಜನ. ಪಿರಿಯಾಪಟ್ಟಣದ ದಾರಿಯಲ್ಲಿ, ಕಂಪಲಾಪುರದ ಹರಾಜುಕಟ್ಟೆಯಲ್ಲಿ ಹೊಗೆಸೊಪ್ಪಿಗೆ ಎಷ್ಟು ಬೆಲೆ ಬಂದಿತೆಂದು ಲೆಕ್ಕ ಹಾಕುವ ಬೇಸಾಯಗಾರರು ಹತ್ತುತ್ತಾರೆ. ಅವರ ನಡುವೆ ಬೈಲುಕುಪ್ಪೆಗೆ ಹೋಗುವ ಟಿಬೆಟ್ಟಿನ ಭಿಕ್ಷುಗಳು ಜಪಮಾಲೆ ಹಿಡಿದು ಕೂತಿರುತ್ತಾರೆ. ಕೃಷ್ಣರಾಜನಗರದವರಿಗೆ ಹಾಸನದ ಕಡೆಯ ರೈಲೂ ಉಂಟಾದುದರಿಂದ ಅವರು ಬಸ್ಸಿನ ವಿಷಯದಲ್ಲಿ ಸ್ವಲ್ಪ ಬಿಗುಮಾನದವರು. ಕೋಟೆಯ ದಾರಿಯಲ್ಲಿ ಕೂಲಿಗಾಗಿ ಕೊಡಗಿಗೂ ವಯನಾಡಿಗೂ ಹೋಗಿಬರುವವರು, ಆಸ್ಪತ್ರೆಗೆ ಹೋದವರು, ಹಾಡಿಗಳಿಂದ ಬಂದವರು. ಕಾಲೇಜಿನ ಹುಡುಗ ಹುಡುಗಿಯರು ಎಲ್ಲ ದಾರಿಗಳಿಗೂ ಸಾಮಾನ್ಯ.

ಬಸ್ಸು ನಿಲ್ದಾಣಕ್ಕೆ ಬಂದೊಡನೆ ಮೊದಲು ಏಳುವ ಧರ್ಮಸಂದೇಹವು ಟವೆಲಿನದು. ಇನ್ನೂ ಬಾಗಿಲಲ್ಲಿ ಇಳಿಯುವವರ ನೂಕುನುಗ್ಗಲಿರುವಾಗಲೇ ಹೊರಗಿನಿಂದ ಕಿಟಕಿಯ ಮೂಲಕ ಒಂದು ಟವೆಲು, ಒಂದು ಕೈಚೀಲ, ಕೆಲವೊಮ್ಮೆ ಬರಿಯ ಒಂದು ಕರ್ಚೀಫು ಆಸನದ ಮೇಲೆ ಬಂದು ಬೀಳುತ್ತದೆ. ಆ ಮೇಲೆ ಹತ್ತಿದವನು ಅದನ್ನು ನೋಡಿ ಮುಂದಿನ ಸೀಟಿಗೆ ಹೋಗುತ್ತಾನೆ. ಇದು ಸ್ವತ್ತಿನ ಉತ್ಪತ್ತಿಯ ವಿಷಯವಾದ ಬಹು ಹಳೆಯ ವಾದ. ಕಾಡನ್ನು ಕಡಿದು ಹಸನು ಮಾಡಿದವನದು ಹೊಲ, ಮೊದಲು ಬಾಣ ಬಿಟ್ಟವನದು ಮೃಗ ಎಂಬ ನ್ಯಾಯವು ಮನುಸ್ಮೃತಿಯಲ್ಲಿ ಉಂಟು. ರೋಮಿನ ಸಿಸೆರೊ ಎಂಬ ಪಂಡಿತನಾದರೋ ತನ್ನ ಗ್ರಂಥವೊಂದರಲ್ಲಿ ಸ್ಟೋಯಿಕ ಮತದವರ ದೃಷ್ಟಾಂತವನ್ನು ಹೇಳುತ್ತಾನೆ: ನಾಟಕಶಾಲೆಯು ಎಲ್ಲರಿಗೂ ಸಾಧಾರಣವಾದುದು, ಆದರೂ ಒಬ್ಬನು ಕುಳಿತ ಸ್ಥಳವು ಅವನದೆಂದು ಹೇಳುವುದು ನ್ಯಾಯವೇ. ಎರಡು ಸಾವಿರ ವರ್ಷಗಳ ಹಿಂದಿನ ಈ ದೃಷ್ಟಾಂತವು ಬಸ್ಸಿಗಾಗಿಯೇ ಹೇಳಿದಂತಿದೆ. ಆದರೆ ಸಿಸೆರೊವಿನ ಪ್ರೇಕ್ಷಕನು ಕುಳಿತಿದ್ದನು. ಇಲ್ಲಿ ಕುಳಿತಿರುವುದು ಟವೆಲು. ಬಾಣವು ಮೃಗಕ್ಕೆ ತಗುಲಿತೋ ಇಲ್ಲವೋ ಎಂಬುದೇ ಪ್ರಶ್ನೆ.

ಪ್ರಯಾಣಿಕರು ಇದಕ್ಕೆ ಮಾಡಿಕೊಂಡಿರುವ ತೀರ್ಪು ಯಾವ ನ್ಯಾಯಾಸ್ಥಾನದ ತೀರ್ಪಿಗೂ ಕಡಮೆಯಲ್ಲ. ಟವೆಲು ಹಾಕಿದವನು ಬಾಗಿಲ ಹತ್ತಿರ ನೂಕಾಡುತ್ತಿರುವವರೆಗೆ ಟವೆಲಿಗೆ ಮಾನವುಂಟು. ಅವನು ಕಾಫಿ ಕುಡಿಯಲು ಹೋಗಿದ್ದರೆ ಇಲ್ಲ. ಒಬ್ಬನು ಒಂದು ಟವೆಲು ಹಾಕಬಹುದು. ಮೂರು ಸೀಟುಗಳಿಗೆ ಮೂರು ವಸ್ತುಗಳನ್ನು ಇಟ್ಟರೆ ಅದು ದುರಾಶೆ. ಮುದುಕಿಯೊಬ್ಬಳು ಬಂದು ಟವೆಲನ್ನು ಮಡಿಸಿ ಕಿಟಕಿಯ ಕಂಬಿಗೆ ಸಿಕ್ಕಿಸಿ ಕುಳಿತುಬಿಟ್ಟರೆ, ಟವೆಲಿನ ಯಜಮಾನನು ಒಂದೆರಡು ಮಾತು ಗೊಣಗಬಹುದೇ ಹೊರತು ಎಬ್ಬಿಸಕೂಡದು. ಈ ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಕಲಿಸಿಲ್ಲ. ಆದರೂ ಇವನ್ನು ಮೀರಿದವನಿಗೆ ಇಡೀ ಬಸ್ಸು ಒಂದೇ ಧ್ವನಿಯಲ್ಲಿ ಬುದ್ಧಿ ಹೇಳುತ್ತದೆ.

ಕೇಳುವುದಕ್ಕೂ ಒಂದು ಪದ್ಧತಿಯುಂಟು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1970ರ ದಶಕದ ಆದಿಭಾಗದಲ್ಲಿ ಸ್ಟಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರದ ಪ್ರೊಫೆಸರರು ತಮ್ಮ ವಿದ್ಯಾರ್ಥಿಗಳನ್ನು ಸುರಂಗದ ರೈಲುಗಳಿಗೆ ಕಳುಹಿಸಿ, ಕಾರಣವೇನನ್ನೂ ಹೇಳದೆ ಅಪರಿಚಿತರನ್ನು ಸೀಟು ಬಿಟ್ಟುಕೊಡುವಂತೆ ಕೇಳಿಸಿದರು. ನೂರಕ್ಕೆ 68 ಮಂದಿ ಎದ್ದರು, ಅಥವಾ ಸರಿದು ಜಾಗ ಕೊಟ್ಟರು. ಪುಸ್ತಕ ಓದಬೇಕಾಗಿದೆ ಎಂಬಂಥ ಕ್ಷುಲ್ಲಕ ಕಾರಣವನ್ನು ಹೇಳಿದಾಗ ಎದ್ದವರ ಸಂಖ್ಯೆ ಇಳಿಯಿತು. ಆಶ್ಚರ್ಯವು ಇದರಲ್ಲಿಲ್ಲ; ಕೇಳಹೋದವರಿಗೇ ಗಂಟಲು ಕಟ್ಟಿ, ಮೈ ಬೆವರಿ, ಕೇಳುವುದೇ ದುಸ್ಸಾಧ್ಯವಾಯಿತೆಂಬುದರಲ್ಲಿದೆ. ಪ್ರೊಫೆಸರರೇ ಒಮ್ಮೆ ಕೇಳಿ ಕುಳಿತ ಮೇಲೆ, ತಾವು ಕೇಳಿದುದು ಸಕಾರಣವೆಂದು ತೋರಲೆಂದು ರೋಗಿಯಂತೆ ತಲೆ ಬಾಗಿಸಬೇಕೆನ್ನಿಸಿತಂತೆ. ಹುಣಸೂರಿನ ಬಸ್ಸಿನಲ್ಲಿ ಈ ಪರೀಕ್ಷೆಯನ್ನು ನಡೆಸುವುದು ವ್ಯರ್ಥ. ಅಲ್ಲಿ ಮೂವರ ಸೀಟಿನ ತುದಿಗೆ ಬಂದ ನಾಲ್ಕನೆಯವನು “ಒಸಿ ಅತ್ಲಾಗೆ ಸರ್ಕಳಣ್ಣೋ” ಎಂದು ಹೇಳುವುದು ಬೇಡಿಕೆಯೂ ಅಲ್ಲ, ಆಜ್ಞೆಯೂ ಅಲ್ಲ. ಕುಳಿತವರು ಸರಿಯುವುದು ದಾನವೂ ಅಲ್ಲ. ಜಾಗವು ಹುಟ್ಟಿದುದು ಎಲ್ಲಿಂದಲೋ ಯಾರಿಗೂ ತಿಳಿಯದು. ಮೂವರ ಸೀಟಿನಲ್ಲಿ ನಾಲ್ವರು ಕುಳಿತಿರುತ್ತಾರೆ.

ಅಲ್ಲಿಯ ಸಂಬೋಧನೆಯು ಗಮನಿಸತಕ್ಕದ್ದು. ಅಣ್ಣ, ಅಕ್ಕ, ಅವ್ವ, ತಾತ, ತಾಯಿ: ಹೆಸರು ತಿಳಿಯದವರನ್ನು ಕರೆಯಲು ಕನ್ನಡಕ್ಕೆ ಬಂಧುವಾಚಕವನ್ನು ಬಿಟ್ಟು ಬೇರೆ ಶಬ್ದವು ಸುಲಭವಾಗಿ ಸಿಕ್ಕುವುದಿಲ್ಲ. ಒಂದು ಕಾಲದಲ್ಲಿ ಇದೇ ಸೀಮೆಯ ಬಡವನು ಭೂಮಾಲೀಕನನ್ನು ಕಂಡರೆ “ಬುದ್ಧೀ” ಎಂದು ಬಾಗಿ ಪಕ್ಕಕ್ಕೆ ನಿಲ್ಲುತ್ತಿದ್ದನು. ಬಸ್ಸಿನ ಇಕ್ಕಟ್ಟಿನಲ್ಲಿ ಬಾಗುವುದಕ್ಕೂ ಪಕ್ಕಕ್ಕೆ ನಿಲ್ಲುವುದಕ್ಕೂ ಸ್ಥಳವಿಲ್ಲ. ಅಲ್ಲಿ “ಅಣ್ಣ” ಎನ್ನದೆ ಗತಿಯಿಲ್ಲ. ಉಪದೇಶಗಳಿಂದ ಆಗದ ಕೆಲಸವನ್ನು ಸ್ಥಳಾಭಾವವು ಮಾಡಿತೆಂದರೆ ಉಪದೇಶಕರು ಬೇಸರಪಡಬಾರದು.

ಕಂಡಕ್ಟರನ ಚಿಲ್ಲರೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಚಿಲ್ಲರೆಯಿಲ್ಲದಾಗ ಅವನು ಟಿಕೇಟಿನ ಹಿಂಭಾಗದಲ್ಲಿ ಬಾಕಿಯನ್ನು ಬರೆದುಕೊಡುವುದು ಒಂದು ಕ್ರಮ. ಗುರುತಿಲ್ಲದ ಇಬ್ಬರಿಗೆ ಒಂದೇ ನೋಟನ್ನು ಕೊಟ್ಟು “ಇಬ್ಬರೂ ಹಂಚಿಕೊಳ್ಳಿ” ಎಂದು ಮುಂದಕ್ಕೆ ಹೋಗುವುದು ಇನ್ನೊಂದು ಕ್ರಮ. ಹೀಗೆ ಒಬ್ಬರ ಮುಖವನ್ನೊಬ್ಬರು ಕಾಣದಿದ್ದವರು ಕ್ಷಣಮಾತ್ರದಲ್ಲಿ ಪಾಲುದಾರರಾಗುತ್ತಾರೆ. ನೋಟು ಯಾರ ಜೇಬಿನಲ್ಲಿರಬೇಕು? ಮೊದಲು ಇಳಿಯುವವನಿಗೆ ಚಿಲ್ಲರೆ ಹುಟ್ಟಿಸಿಕೊಡುವವರು ಯಾರು? ಬಹುಮಟ್ಟಿಗೆ ಇದು ಒಂದು ಕಡಲೆಕಾಯಿ ಪೊಟ್ಟಣವನ್ನು ಕೊಳ್ಳುವುದರಿಂದಲೋ, “ಹೋಗ್ಲಿ ಬುಡಣ್ಣ, ಐದು ರೂಪಾಯ್ಗೇನು” ಎಂಬ ಔದಾರ್ಯದಿಂದಲೋ ಮುಗಿಯುತ್ತದೆ. ಈಚೆಗೆ ಫೋನಿನಿಂದ ಹಣ ಸಲ್ಲಿಸುವ ಏರ್ಪಾಡು ಬಂದು ಈ ಪಾಲುಗಾರಿಕೆಯು ಕ್ಷೀಣಿಸುತ್ತಿದೆ. ಅದರಿಂದ ಜಗಳ ಕಡಮೆಯಾಯಿತು, ಪರಿಚಯವೂ ಕಡಮೆಯಾಯಿತು.

ಆದರೆ ಈ ವಿಚಾರದ ತಿರುಳು ಇರುವುದು ಮಡಿಲಿನಲ್ಲಿ. ಬಸ್ಸು ಕಿಕ್ಕಿರಿದಿದೆ. ಕಂಕುಳಲ್ಲಿ ಕೂಸನ್ನೆತ್ತಿಕೊಂಡ ತಾಯಿಯೊಬ್ಬಳು ಹತ್ತಿ, ಕಂಬಿಯನ್ನು ಹಿಡಿಯಲಾರದೆ ತೂಗಾಡುತ್ತಾಳೆ. ಕುಳಿತಿರುವ ಯಾರೋ ಒಬ್ಬರು ಕೈ ನೀಡುತ್ತಾರೆ. ಅಥವಾ ಅವಳೇ “ಕೂಸ ಒಸಿ ಇಟ್ಕಳವ್ವ” ಎಂದು ಅವರ ಮಡಿಲಲ್ಲಿ ಇಳಿಸಿಬಿಡುತ್ತಾಳೆ. ಆಮೇಲೆ ಜನರ ಒತ್ತಡದಲ್ಲಿ ಅವಳು ನಾಲ್ಕು ಸೀಟು ಹಿಂದಕ್ಕೆ ಹೋಗುತ್ತಾಳೆ. ಕೂಸು ಅಲ್ಲಿಯೇ ಇರುತ್ತದೆ. ಇದೇ ತಾಯಿಯು ತನ್ನ ಸೆರಗಿನ ಗಂಟಿನಲ್ಲಿರುವ ನೂರು ರೂಪಾಯಿಯನ್ನು ಆ ಅಪರಿಚಿತಳ ಕೈಗೆ ಕೊಟ್ಟು ಹಿಂದಕ್ಕೆ ಹೋಗುವಳೆ? ಎಂದಿಗೂ ಇಲ್ಲ. ಹಣಕ್ಕಿಲ್ಲದ ನಂಬಿಕೆ ಕೂಸಿಗೆ ಹೇಗೆ ಬಂದಿತು?

ಸಂಶಯವಾದಿಯು ಸುಲಭವಾದ ಸಮಾಧಾನವನ್ನು ಹೇಳುತ್ತಾನೆ: ಹಣವನ್ನು ಬಚ್ಚಿಡಬಹುದು, ಕೂಸನ್ನು ಬಚ್ಚಿಡಲಾಗದು, ಬಸ್ಸಿನಲ್ಲಿ ಐವತ್ತು ಜನರ ನೂರು ಕಣ್ಣುಗಳಿವೆ, ಆದ್ದರಿಂದ ಇದು ನಂಬಿಕೆಯಲ್ಲ, ಲೆಕ್ಕಾಚಾರ. ಈ ಸಮಾಧಾನವು ಅರ್ಧ ಸತ್ಯ. ಜನದ ಕಣ್ಣುಗಳು ಎಲ್ಲ ದೊಡ್ಡ ನಗರಗಳ ಬಂಡಿಗಳಲ್ಲಿಯೂ ಇವೆ, ಬೇಕಾದರೆ ಇನ್ನೂ ಹೆಚ್ಚಾಗಿವೆ. ಆದರೆ ಅಲ್ಲೆಲ್ಲ ತಾಯಂದಿರು ಕೂಸನ್ನು ಹೀಗೆ ಕೊಡುವುದಿಲ್ಲ. ಬರ್ಲಿನ್ ನಗರದ ಗೇಯೋರ್ಗ್ ಸಿಮ್ಮೆಲ್ ಎಂಬ ತತ್ತ್ವಜ್ಞನು 1908ರ ತನ್ನ ಗ್ರಂಥದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಬಸ್ಸು, ರೈಲು, ಟ್ರಾಮುಗಳು ಬರುವುದಕ್ಕೆ ಮುಂಚೆ ಮನುಷ್ಯರು ಮಾತನಾಡದೆ ನಿಮಿಷಗಟ್ಟಲೆ, ಗಂಟೆಗಟ್ಟಲೆ ಒಬ್ಬರನ್ನೊಬ್ಬರು ನೋಡಿಕೊಂಡಿರಬೇಕಾದ ಸ್ಥಿತಿಯೇ ಇರಲಿಲ್ಲವೆಂದು ಹೇಳಿದನು. ನೋಡುವ ಕಣ್ಣುಗಳಿದ್ದರೆ ಸಾಲದು. ನೋಡುವವನು ಬೇಕಾದರೆ ಮಾತನಾಡಿಯಾನೆಂಬ ಭರವಸೆಯೂ ಬೇಕು. ಕೂಸು ಅತ್ತರೆ ಹಿಂದಿನ ಸೀಟಿನವನು “ಯಾರ್ದಪ್ಪಾ ಕೂಸು” ಎಂದು ಕೂಗುತ್ತಾನೆಂದು ಆ ತಾಯಿಗೆ ತಿಳಿದಿದೆ. ಅವಳು ನಂಬಿದುದು ಮಡಿಲು ಕೊಟ್ಟ ಒಬ್ಬಳನ್ನಲ್ಲ, ಇಡೀ ಬಸ್ಸನ್ನು.

ಇಲ್ಲಿ ಒಂದು ಹಳೆಯ ಉಪಮಾನವನ್ನು ಪರೀಕ್ಷಿಸುವುದು ಉಚಿತ. ಮಹಾಸಮುದ್ರದಲ್ಲಿ ತೇಲುವ ಎರಡು ಮರದ ತುಂಡುಗಳು ಕೂಡಿ ಅಗಲುವಂತೆ ಜೀವಿಗಳ ಸಮಾಗಮವೆಂದು ಹಿರಿಯರು ಹೇಳುತ್ತಾರೆ. ಶೋಕದಲ್ಲಿರುವವನಿಗೆ ಅದು ಔಷಧ. ಆದರೆ ಕೆಲವರು ಅದರಿಂದ ಬೇರೊಂದು ಅರ್ಥವನ್ನು ಹಿಂಡುತ್ತಾರೆ: ಸಂಬಂಧವು ಕ್ಷಣಿಕವಾದಷ್ಟೂ ಕರ್ತವ್ಯವೂ ಕಡಮೆ ಎಂದು. ಮರದ ತುಂಡಿಗೆ ಮಡಿಲಿಲ್ಲವಾದುದರಿಂದ ಆ ಅರ್ಥವು ಮರದ ತುಂಡುಗಳಿಗೇ ಸಲ್ಲತಕ್ಕುದು. ಬಸ್ಸಿನಲ್ಲಿ ಕಾಣುವುದು ಇದರ ವಿಪರೀತ. ಮನೆಯಲ್ಲಿ ತಮ್ಮನ ಮಗುವನ್ನು ಎತ್ತಿಕೊಳ್ಳುವಾಗ ಹಳೆಯ ಆಸ್ತಿಯ ಜಗಳ, ಓರಗಿತ್ತಿಯರ ಮುನಿಸು, ನಾಳೆಯ ಪ್ರತ್ಯುಪಕಾರ ಎಲ್ಲವೂ ಮಡಿಲಲ್ಲಿ ಬಂದು ಕುಳಿತಿರುತ್ತವೆ. ಬಸ್ಸಿನ ಕೂಸಿಗೆ ನೆನ್ನೆಯೂ ಇಲ್ಲ, ನಾಳೆಯೂ ಇಲ್ಲ. ಅದು ಬರಿಯ ಕೂಸು. ಫಲಾಪೇಕ್ಷೆಯಿಲ್ಲದ ಕರ್ಮವು ಗೃಹಸ್ಥರಿಗೆ ಎಷ್ಟು ಕಠಿನವೆಂಬುದು ಗೀತೆಯನ್ನು ಪಾಠ ಹೇಳಿದವರಿಗೆಲ್ಲ ಗೊತ್ತು. ಕಟ್ಟೆಮಳಲವಾಡಿಯ ಹತ್ತಿರ ಇಳಿಯುವ ಮುದುಕಿಯು ಅದನ್ನು ಅರ್ಧ ಗಂಟೆಯ ಕಾಲ ಅನಾಯಾಸವಾಗಿ ಮಾಡಿ, ಸೀರೆ ಒದ್ದೆಯಾದುದಕ್ಕೆ ನಕ್ಕು, ಕೂಸನ್ನು ಮುಂದಿನವರಿಗೆ ದಾಟಿಸಿ ಹೋಗುತ್ತಾಳೆ.

2023ನೆಯ ಜೂನ್ 11ರಂದು ಶಕ್ತಿ ಎಂಬ ಯೋಜನೆಯಿಂದ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಹಣ ಕೊಡದೆ ಪ್ರಯಾಣ ಮಾಡುವ ಅವಕಾಶವು ಬಂದಿತು. ಅರ್ಧದಷ್ಟು ಸೀಟುಗಳು ಗಂಡಸರಿಗೆಂದೂ ವಿಧಿಯಾಯಿತು. ಅಂದಿನಿಂದ ಈ ದಾರಿಗಳಲ್ಲಿ ಒಂದು ಹೊಸ ಗೊಣಗಾಟವು ಕೇಳಿಬರುತ್ತದೆ: ಕಾಸು ಕೊಟ್ಟವನು ನಿಂತಿದ್ದಾನೆ, ಬಿಟ್ಟಿ ಬಂದವರು ಕೂತಿದ್ದಾರೆ ಎಂದು. ಈ ಆಕ್ಷೇಪಣೆಯನ್ನು ತಳ್ಳಿಹಾಕುವುದಕ್ಕೆ ಮುಂಚೆ ತೂಗಿನೋಡಬೇಕು. ದುಡಿದು ಆಯಾಸಗೊಂಡು ಹಣ ತೆತ್ತವನು ಒಂದೂವರೆ ಗಂಟೆ ನಿಲ್ಲುವುದು ಕಷ್ಟವೇ ಸರಿ. ಆದರೆ ಸೀಟಿನ ಹಕ್ಕು ಹಣದಿಂದ ಬಂದುದೆಂಬ ಮಾತು ಎಂದೂ ನಿಜವಾಗಿರಲಿಲ್ಲ. ಹಣ ಕೊಟ್ಟವರೇ ನೂರು ಮಂದಿ ಹತ್ತಿದ ದಿನಗಳಲ್ಲಿಯೂ ಅರ್ಧ ಜನ ನಿಂತೇ ಬರುತ್ತಿದ್ದರು. ಅಂದು ಸೀಟು ಸಿಕ್ಕುತ್ತಿದ್ದುದು ಟವೆಲಿನಿಂದ, ಹಣದಿಂದಲ್ಲ. ಶೂನ್ಯ ದರದ ಟಿಕೇಟೂ ಟಿಕೇಟೇ. ಗಂಡನನ್ನು ಹತ್ತು ರೂಪಾಯಿ ಕೇಳದೆ ತವರಿಗೋ, ಆಸ್ಪತ್ರೆಗೋ, ಕೂಲಿಗೋ, ಕೆಲವೊಮ್ಮೆ ಏನೂ ಕೆಲಸವಿಲ್ಲದೆ ಚಾಮುಂಡಿಬೆಟ್ಟಕ್ಕೋ ಹೊರಟ ಹೆಂಗಸಿನ ಮುಖವನ್ನು ನೋಡಿದವರಿಗೆ ಆ ಟಿಕೇಟಿನ ಬೆಲೆಯೇನೆಂಬುದು ಗೊತ್ತಾಗುತ್ತದೆ. ಗೊಣಗಿದವನ ವಿಷಯದಲ್ಲಿ ಒಂದು ಸಂಗತಿ ಮಾತ್ರ ಉಳಿದಿದೆ: ಸೀಟು ಸಿಕ್ಕಿದಾಗ ಕೂಸನ್ನು ಮಡಿಲಲ್ಲಿಟ್ಟುಕೊಳ್ಳುವವರಲ್ಲಿ ಅವನೂ ಒಬ್ಬನಾಗಿರುತ್ತಾನೆ. ಮನುಷ್ಯನ ಸಿದ್ಧಾಂತವು ಅವನ ಮಡಿಲಿಗಿಂತ ಕಿರಿದು.

ಇಷ್ಟರಿಂದ ಬಸ್ಸು ಒಂದು ಪುಣ್ಯಕ್ಷೇತ್ರವೆಂದು ತಿಳಿಯಕೂಡದು. ಕೋಟೆಯ ದಾರಿಯಲ್ಲಿ ಬೇರೊಂದು ನೋಟವೂ ಕಾಣುತ್ತದೆ. ಬಸ್ಸು ತುಂಬಿದೆ, ಹತ್ತು ಜನ ನಿಂತಿದ್ದಾರೆ. ಆದರೂ ಒಂದು ಸೀಟಿನ ಅರ್ಧ ಭಾಗವು ಖಾಲಿಯಾಗಿದೆ. ಕಿಟಕಿಯ ಕಡೆ ಹಾಡಿಯ ಮುದುಕನೊಬ್ಬನು ಕುಳಿತಿದ್ದಾನೆ. ಕಾಡು ರಾಷ್ಟ್ರೀಯ ಉದ್ಯಾನವಾದಾಗ, ಕಬಿನಿಯ ಅಣೆಕಟ್ಟು ಕಟ್ಟಿದಾಗ ಈ ಸೀಮೆಯಲ್ಲಿ ನೆಲೆ ಕಳೆದುಕೊಂಡವರಲ್ಲಿ ಅವನ ಜನರು ಬಹಳ ಮಂದಿ. ಅವನ ಬಟ್ಟೆ ಹಳೆಯದು, ಕಾಲಿಗೆ ಕೆರವಿಲ್ಲ. ಅವನ ಪಕ್ಕದಲ್ಲಿ ಕುಳಿತುಕೊಳ್ಳಬಾರದೆಂದು ಯಾರೂ ಹೇಳಿಲ್ಲ. ಪ್ರತಿಯೊಬ್ಬರೂ ಮುಂದಿನ ಊರಿನಲ್ಲಿ ಇಳಿಯುವವರಂತೆ ಕಂಬಿ ಹಿಡಿದು ನಿಂತಿದ್ದಾರೆ. ಮುಂದಿನ ಊರು ಬಂದರೆ ಇಳಿಯುವುದಿಲ್ಲ. ಮುದುಕನಿಗೂ ಇದು ತಿಳಿದಿದೆ. ಅವನು ಕಿಟಕಿಯ ಕಡೆಗೆ ಇನ್ನೂ ಒತ್ತಿಕೊಂಡು, ಖಾಲಿ ಜಾಗವನ್ನು ಇನ್ನೂ ಅಗಲ ಮಾಡುತ್ತಾನೆ.

1955ನೆಯ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಜನಾಂಗದ ಹೆಂಗಸು ಬಿಳಿಯನಿಗೆ ಸೀಟು ಬಿಟ್ಟು ಏಳಲೊಲ್ಲದೆ ಸೆರೆಯಾದಳು. ಆ ಜನರು 381 ದಿನಗಳ ಕಾಲ ಬಸ್ಸು ಹತ್ತದೆ ನಡೆದು, ಮುಂದಿನ ವರ್ಷದ ಡಿಸೆಂಬರಿನಲ್ಲಿ ಗೆದ್ದರು. ಅಲ್ಲಿ ತಪ್ಪು ಕಾನೂನಿನಲ್ಲಿತ್ತು. ಆದ್ದರಿಂದ ಹೋರಾಟಕ್ಕೆ ಒಂದು ಗುರಿಯಿತ್ತು. ಭಾರತದಲ್ಲಿ ಅದೇ 1955ನೆಯ ಇಸವಿಯಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆಯು ಸಾರ್ವಜನಿಕ ವಾಹನಗಳಲ್ಲಿ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ಕಾನೂನು ಸರಿಯಾಗಿಯೇ ಇದೆ. ಮುದುಕನನ್ನು ಯಾರಾದರೂ ಎಬ್ಬಿಸಿದರೆ ಅದು ಅಪರಾಧ. ಆದರೆ ಅವನ ಪಕ್ಕದಲ್ಲಿ ಕುಳಿತುಕೊಳ್ಳದೆ ನಿಂತಿರುವುದು ಯಾವ ಕಾಯಿದೆಯಿಂದಲೂ ಅಪರಾಧವಾಗದು, ಆಗಲೂ ಕೂಡದು. ನಿಲ್ಲುವುದು ಪ್ರತಿಯೊಬ್ಬನ ಸ್ವಾತಂತ್ರ್ಯ. ಒಬ್ಬೊಬ್ಬನದು ನಿರಪರಾಧವಾದ ಕೃತ್ಯ. ಹತ್ತು ಜನರದು ಸೇರಿದರೆ ಒಬ್ಬ ಮನುಷ್ಯನಿಗೆ ಮಾಡಿದ ಅವಮಾನ. ಪಾಪವು ಹೀಗೆ ಹಂಚಿಹೋದಾಗ ಪ್ರತಿಯೊಬ್ಬನ ಪಾಲು ಅವನಿಗೇ ಕಾಣದಷ್ಟು ಸಣ್ಣದಾಗುತ್ತದೆ. ಸ್ಮೃತಿಗಳಲ್ಲಿ ಪ್ರಾಯಶ್ಚಿತ್ತಗಳ ಪಟ್ಟಿ ದೀರ್ಘವಾಗಿದೆ. ಇದಕ್ಕೆ ಅಲ್ಲಿ ಹೆಸರಿಲ್ಲ. ಸಾಲದುದಕ್ಕೆ, ಯಾರ ಪಕ್ಕದಲ್ಲಿ ಯಾರು ಕೂರಬಾರದೆಂಬ ಪಾಠವನ್ನು ಜನಕ್ಕೆ ಶತಮಾನಗಳ ಕಾಲ ಕಲಿಸಿದವುಗಳಲ್ಲಿ ಅವೂ ಸೇರಿವೆ.

ಹಾಗಾದರೆ ಆ ಮುದುಕನಿಗೆ ಸಲ್ಲತಕ್ಕುದೇನು? ಕರುಣೆಯೆಂದು ಹೇಳುವವರುಂಟು. ಆದರೆ ಯಾರಾದರೂ ಸುತ್ತಲಿನವರು ಕಾಣುವಂತೆ, ಧರ್ಮಕಾರ್ಯವನ್ನು ಮಾಡುವವನ ಮುಖಭಾವದಿಂದ ಅಲ್ಲಿ ಹೋಗಿ ಕುಳಿತರೆ, ನಿಂತವರು ಮಾಡಿದುದಕ್ಕಿಂತ ಅದು ಬಹಳ ಕಡಮೆಯ ಅವಮಾನವೇನಲ್ಲ. ಉಳಿದ ಸೀಟುಗಳಲ್ಲಿ ಯಾರೂ ಯಾರ ಪಕ್ಕದಲ್ಲಿಯೂ ಕರುಣೆಯಿಂದ ಕುಳಿತಿಲ್ಲ. ಕಾಲು ನೋಯುತ್ತದೆಂದು ಕುಳಿತಿದ್ದಾರೆ. ಅವನ ಪಕ್ಕದಲ್ಲಿಯೂ ಕಾಲು ನೋಯುತ್ತದೆಂದೇ ಕುಳಿತುಕೊಳ್ಳಬೇಕು. ಸಹಪ್ರಯಾಣಿಕನಿಗೆ ಸಲ್ಲತಕ್ಕುದು ಗೌರವವೆಂಬ ದೊಡ್ಡ ಮಾತೂ ಅಲ್ಲ, ಸ್ನೇಹವೂ ಅಲ್ಲ. ತನ್ನ ಮೈಯ ಪಕ್ಕದಲ್ಲಿ ಅವನ ಮೈ ಇರುವುದು ಒಂದು ವಿಶೇಷವಲ್ಲವೆಂಬ ಸಹಜಸ್ಥಿತಿ, ಅಷ್ಟೆ. ಅದು ಬಹು ಸ್ವಲ್ಪ. ಅದು ಸಿಕ್ಕದವನಿಗೆ ಅದು ಎಷ್ಟೆಂಬುದು ಬೇರೆ ಮಾತು.

ಹೀಗೆ ಕುಳಿತುಕೊಳ್ಳುವವರು ಈ ದಾರಿಯಲ್ಲಿ ಇಲ್ಲದಿಲ್ಲ. ಬಹುಮಟ್ಟಿಗೆ ಅವರು ಹುಡುಗರು. ಕಾಲೇಜಿನ ಚೀಲವನ್ನು ಹೊತ್ತ ಒಬ್ಬನು ಹಂಪಾಪುರದಲ್ಲಿ ಹತ್ತುತ್ತಾನೆ, ಖಾಲಿ ಜಾಗವನ್ನು ಕಾಣುತ್ತಾನೆ, ಯಾರ ಮುಖವನ್ನೂ ನೋಡದೆ ಕುಳಿತು ಫೋನನ್ನು ತೆಗೆಯುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ “ಎಲ್ಲಿ ಇಳೀಬೇಕು ತಾತ?” ಎಂದು ಕೇಳುತ್ತಾನೆ. “ಅಂತರಸಂತೆ” ಎಂದು ಉತ್ತರ. ಮಾತು ಅಲ್ಲಿಗೆ ನಿಂತರೂ ನಿಲ್ಲಬಹುದು, ಮಳೆಯ ಕಡೆಗೆ, ಆನೆಯ ಕಡೆಗೆ ಹೋದರೂ ಹೋಗಬಹುದು. ಹ್ಯಾಂಡ್‌ಪೋಸ್ಟಿನಲ್ಲಿ ಕೆಲವರು, ಕೋಟೆಯಲ್ಲಿ ಬಹುಜನ ಇಳಿದು ಬಸ್ಸು ಅರ್ಧ ಖಾಲಿಯಾಗುತ್ತದೆ. ಈಗ ಕಷ್ಟ. ಬೇರೆ ಯಾರ ಪಕ್ಕದಲ್ಲಾದರೂ ಕುಳಿತಿದ್ದರೆ ಹುಡುಗನು ಎದ್ದು ಹೋಗಿ ಬೇರೆ ಸೀಟಿನಲ್ಲಿ ಕಾಲು ಚಾಚುತ್ತಿದ್ದನು. ಅದಕ್ಕೆ ಯಾವ ಅರ್ಥವೂ ಇರುತ್ತಿರಲಿಲ್ಲ. ಇಲ್ಲಿ ಏಳುವುದಕ್ಕೆ ಒಂದು ಅರ್ಥ ಬಂದುಬಿಟ್ಟೀತೆಂದು ಅವನು ಮೊಣಕಾಲನ್ನು ಮುಂದಿನ ಸೀಟಿಗೆ ಒತ್ತಿಕೊಂಡು ಕುಳಿತೇ ಇದ್ದಾನೆ. ಮುದುಕನು ಒಂದು ಸಲ ಮೊಣಕಾಲನ್ನೂ ಒಂದು ಸಲ ಖಾಲಿ ಸೀಟುಗಳನ್ನೂ ನೋಡುತ್ತಾನೆ. “ಅತ್ಲಾಗೆ ಕೂತ್ಕಳಪ್ಪ, ಕಾಲು ನೀಡಕ್ಕಾಯ್ತದೆ” ಎನ್ನುತ್ತಾನೆ. ಹುಡುಗನು ಎದ್ದು ಆಚೆಯ ಸೀಟಿಗೆ ಹೋಗಿ ಕಾಲು ನೀಡುತ್ತಾನೆ. ಆನೆಯ ಮಾತು ನಡುವಿನ ಓಣಿಯನ್ನು ದಾಟಿ ಮುಂದುವರಿಯುತ್ತದೆ.